ಮೂರು ಹಳೇ ಕಂಪ್ಯೂಟರು, ಒಂದು ರಾಶಿ ನುಡಿ ಫೈಲು: ಲಿನಕ್ಸಿಗೆ ಹೋಗಬಹುದಾ?

ಝೆರಾಕ್ಸ್ ಅಂಗಡಿಯವ, ದಾವಣಗೆರೆ
ಎಲ್ಲರಿಗೂ ನಮಸ್ಕಾರ. ಹದಡಿ ರಸ್ತೆ ಕಡೆ ನನ್ನದೊಂದು ಸಣ್ಣ ಝೆರಾಕ್ಸ್, ಡಿಟಿಪಿ ಅಂಗಡಿ ಇದೆ. ಮೂರು ಕಂಪ್ಯೂಟರ್. ಒಂದರಲ್ಲಿ ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಟೈಪ್ ಮಾಡಲು ನುಡಿ. ಲಗ್ನಪತ್ರಿಕೆ, ಕರಪತ್ರ, ತಿಥಿ ಕಾರ್ಡು ಎಲ್ಲ ಅದರಲ್ಲೇ. ಇನ್ನೊಂದರಲ್ಲಿ ಆನ್‌ಲೈನ್ ಅರ್ಜಿ, ಪಹಣಿ, ರಿಸಲ್ಟ್ ಪ್ರಿಂಟು. ಮೂರನೆಯದಕ್ಕೆ ಬೆರಳ ಗುರುತು ಓದುವ ಬೆರಳಚ್ಚು ಯಂತ್ರ ಸಿಕ್ಕಿಸಿದ್ದೇನೆ. ಮೂರೂ 2013ರಲ್ಲಿ ತಂದವು. ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿಯಿತು. 11 ಹಾಕೋಣ ಅಂದರೆ ಈ ಯಂತ್ರಗಳಿಗೆ ಆಗುವುದಿಲ್ಲ ಅಂತ ಹೇಳುತ್ತದೆ. ಮೂರು ಹೊಸದು ತರಬೇಕು ಅಂದರೆ ಒಂದು ಇಡೀ ಮದುವೆ ಸೀಸನ್ನಿನ ದುಡಿಮೆ ಅಲ್ಲಿಗೇ ಹೋಯಿತು. ಯಂತ್ರಗಳೇನೋ ಚೆನ್ನಾಗಿಯೇ ಓಡುತ್ತಿವೆ. ತಂಗಿಯ ಮಗ "ವಿಂಡೋಸ್ ಬದಲು ಲಿನಕ್ಸ್ ಹಾಕಿ ಮಾಮಾ, ದುಡ್ಡಿಲ್ಲ, ವೈರಸ್ ಇಲ್ಲ" ಅಂತಾನೆ. ಅವನಿಗೇನು, ಅವನು ಲಗ್ನಪತ್ರಿಕೆ ಮಾಡಬೇಕಾ? ಅಂಗಡಿ ನಡೆಸುವವರು ಯಾರಾದರೂ ಬದಲಾಯಿಸಿದ್ದರೆ ನಿಜ ಏನು ಹೇಳಿ.

ಆರನೇ ಸೆಮ್
ನಿಮ್ಮ ತಂಗಿಯ ಮಗ ಹೇಳಿದ್ದು ಅರ್ಧ ಸರಿ ಸರ್. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಮೇಲಿನದ್ದಾಗಿರಬೇಕು. ನಿಮ್ಮದು ಮೂರನೆಯದು. ಕಳ್ಳದಾರಿಯಲ್ಲಿ ಹಾಕಬಹುದು, ಆದರೆ ಅಂಗಡಿ ಯಂತ್ರಕ್ಕೆ ಆ ಸಾಹಸ ಬೇಡ.

ಲಿನಕ್ಸಿನ ಬಗೆಗಳಲ್ಲಿ ಒಂದಾದ ಲಿನಕ್ಸ್ ಮಿಂಟ್ ನೋಡಿ, ಅದರಲ್ಲಿ ಎಕ್ಸ್‌ಎಫ್‌ಸಿಇ ಅಂತ ಹಗುರ ಆವೃತ್ತಿ ಇದೆ. 4 ಜಿಬಿಯಲ್ಲಿ ಓಡುತ್ತದೆ. 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಮೊದಲು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಓಡಿಸಿ. ಹಾರ್ಡ್‌ಡಿಸ್ಕಿನ ಒಂದಕ್ಷರವೂ ಅಲ್ಲಾಡುವುದಿಲ್ಲ.

ಹಳೇ ಗಿರಾಕಿ
ಸುಮ್ನೆ ತಲೆನೋವು. ನಾನು ಎರಡು ಸಲ ಹಾಕಿ ಎರಡು ಸಲ ತೆಗೆದೆ. ಒಂದು ವಾರ ಚೆನ್ನಾಗಿರುತ್ತದೆ. ಆಮೇಲೆ ಒಂದು ಪ್ರಿಂಟರ್ ಬರಲ್ಲ, ಒಂದು ಫೈಲ್ ತೆರೆಯಲ್ಲ. ಅಂಗಡಿ ಮುಂದೆ ಗಿರಾಕಿ ನಿಂತಿರುವಾಗ ನೀವು ಗೂಗಲ್ ಮಾಡುತ್ತಾ ಕೂರುತ್ತೀರಾ?

ರಿಪೇರಿ ಟೇಬಲ್, ಮಂಡಿಪೇಟೆ
ಗಿರಾಕಿ ಅಣ್ಣ ಹೇಳಿದ್ದರಲ್ಲಿ ಸುಳ್ಳಿಲ್ಲ. ನನ್ನ ಟೇಬಲ್ಲಿಗೆ ಬರುವ ಲಿನಕ್ಸ್ ದೂರುಗಳಲ್ಲಿ ಮುಕ್ಕಾಲು ಪಾಲು ಪ್ರಿಂಟರಿನದೇ. ಅಂಗಡಿಯವರೇ, ನಿಮ್ಮ ಹತ್ತಿರ ಯಾವ ಪ್ರಿಂಟರ್ ಇದೆ? ಊರಿನ ಎಲ್ಲ ಝೆರಾಕ್ಸ್ ಅಂಗಡಿಯಲ್ಲೂ ಒಂದು ಚಿಕ್ಕ ಬಿಳಿ ಲೇಸರ್ ಇರುತ್ತದಲ್ಲ, ಅದಾ?

ಝೆರಾಕ್ಸ್ ಅಂಗಡಿಯವ, ದಾವಣಗೆರೆ
ಅದೇ. ಜೊತೆಗೆ ಒಂದು ಎಪ್ಸನ್ ಇಂಕ್‌ಟ್ಯಾಂಕ್ ಇದೆ, ಬಣ್ಣಕ್ಕೆ.

ರಿಪೇರಿ ಟೇಬಲ್, ಮಂಡಿಪೇಟೆ
ಅಂದುಕೊಂಡೆ. ಇಂಕ್‌ಟ್ಯಾಂಕ್ ಚಿಂತೆ ಬಿಡಿ, ಅದಕ್ಕೆ ಲಿನಕ್ಸ್ ಡ್ರೈವರ್, ಅಂದರೆ ಪ್ರಿಂಟರನ್ನು ಓಡಿಸುವ ತಂತ್ರಾಂಶ, ಇದೆ. ಎಚ್‌ಪಿ ಆಗಿದ್ದರೂ ಸಲೀಸು. ಅವರೇ ಎಚ್‌ಪಿಲಿಪ್ ಅಂತ ಮುಕ್ತ ತಂತ್ರಾಂಶ ಕೊಡುತ್ತಾರೆ, ಕೆಲವು ಲೇಸರ್‌ಗೆ ಮಾತ್ರ ಒಂದು ಪ್ಲಗಿನ್ ಜಾಸ್ತಿ ಹಾಕಬೇಕು. ಆದರೆ ನಿಮ್ಮ ಬಿಳಿ ಡಬ್ಬಿ ಇದೆಯಲ್ಲ, ಅದಕ್ಕೆ ಸ್ವಂತ ತಲೆ ಇಲ್ಲ. ಪುಟವನ್ನು ಚುಕ್ಕಿ ಚುಕ್ಕಿಯಾಗಿ ಜೋಡಿಸುವ ಕೆಲಸವನ್ನು ಕಂಪ್ಯೂಟರೇ ಮಾಡಿಕೊಡಬೇಕು, ಅದು ಬರೀ ಒತ್ತುತ್ತದೆ. ಆ ಜೋಡಣೆಯ ಗುಟ್ಟು ಡ್ರೈವರಿನೊಳಗೆ ಇದೆ. ಲಿನಕ್ಸಿಗೆ ಸಿಗುವುದು ಹಳೇ ಡ್ರೈವರ್. ನಾನು ಒಂದು ಕಡೆ ಓಡಿಸಿದ್ದೇನೆ. ಎರಡು ದಿನ ಹಿಡಿಯಿತು, ಮುಂದಿನ ಅಪ್‌ಡೇಟ್‌ನಲ್ಲಿ ಮತ್ತೆ ನಿಂತಿತು.

"ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿ ನೆಟ್‌ವರ್ಕಿನಲ್ಲಿ ಹಂಚಿಕೊಂಡರಾಯಿತು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಹಂಚಿದರೂ ಕಳಿಸುವ ಕಡೆ ಡ್ರೈವರ್ ಬೇಕೇ ಬೇಕು. ಅದರ ಬದಲು ಒಂದು ಫೋಲ್ಡರ್ ಹಂಚಿಕೊಳ್ಳಿ. ಲಿನಕ್ಸ್ ಯಂತ್ರದಲ್ಲಿ ಪಿಡಿಎಫ್ ಮಾಡಿ ಅದರೊಳಗೆ ಹಾಕಿ, ಆ ಕಡೆಯಿಂದ ಒತ್ತಿ. ನೋಡೋಕೆ ಒಡ್ಡೊಡ್ಡು, ಕೈ ಕೊಡಲ್ಲ.

ಇನ್ನೊಂದು ಮಾತು. ಈ ಮೂರರಲ್ಲಿ ಎಸ್‌ಎಸ್‌ಡಿ, ಅಂದರೆ ತಿರುಗದ ವೇಗದ ಡಿಸ್ಕ್, ಇದೆಯಾ? ಇಲ್ಲದಿದ್ದರೆ ಲಿನಕ್ಸಿಗೂ ಮುಂಚೆ ಅದನ್ನು ಹಾಕಿಸಿ. ಜನ ಹಳೇ ತಿರುಗುವ ಡಿಸ್ಕಿನ ಮೇಲೆ ಮಿಂಟ್ ಹಾಕಿಕೊಂಡು "ಇದೂ ಸ್ಲೋನೇ" ಅಂತ ಬೈಯುತ್ತಾರೆ.

ದುರ್ಗದ ಮೇಷ್ಟ್ರು
ನಾನು ಹೈಸ್ಕೂಲ್ ಮೇಷ್ಟ್ರು, ಚಿತ್ರದುರ್ಗದ ಹತ್ತಿರ. ಆರು ವರ್ಷದಿಂದ ಮನೆಯಲ್ಲೂ ಶಾಲೆಯಲ್ಲೂ ಮಿಂಟ್. ನಾನು ಪ್ರಿಂಟರ್ ಮಾತಾಡಲ್ಲ, ಕನ್ನಡದ ಮಾತಾಡುತ್ತೇನೆ. ನಿಮ್ಮನ್ನು ಕಟ್ಟಿಹಾಕಿರುವುದು ವಿಂಡೋಸ್ ಅಲ್ಲ ಸ್ವಾಮಿ, ಇಷ್ಟು ವರ್ಷದ ನುಡಿ ಫೈಲುಗಳು.

ನುಡಿಯ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಕಣ್ಣಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದಾರೆ ಅಷ್ಟೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆ ಮೇಲೆ ಚುಕ್ಕಿ, ಗೀಟು ಇರುವ ಯಾವುದೋ ಲಿಪಿ ಕಾಣುತ್ತದೆ. ಯೂನಿಕೋಡ್ ಹಾಗಲ್ಲ. ಅದರಲ್ಲಿ 'ಕ' ಅಂದರೆ ಮೊಬೈಲಿನಲ್ಲೂ ಕ, ಲಿನಕ್ಸಿನಲ್ಲೂ ಕ.

ನಿಮಗೆ ಎರಡು ಬೇರೆ ಬೇರೆ ಕೆಲಸ ಇದೆ. ಹಳೇ ಫೈಲ್ ತೆರೆದು ನೋಡುವುದಕ್ಕೆ ಆ ಫಾಂಟುಗಳನ್ನು ಲಿನಕ್ಸಿಗೆ ನಕಲು ಮಾಡಿಕೊಂಡರೆ ಸಾಕು, ಲಿಬ್ರೆಆಫೀಸಿನಲ್ಲಿ ವರ್ಡ್ ಫೈಲು ಸರಿಯಾಗಿಯೇ ಕಾಣುತ್ತದೆ. ಹೊಸದನ್ನು ಮಾತ್ರ ಯೂನಿಕೋಡಿನಲ್ಲಿ ಟೈಪ್ ಮಾಡಿ. ಕೈಗೆ ಕೂತಿರುವ ಕಗಪ ಕೀಲಿಮಣೆ ಲಿನಕ್ಸಿನಲ್ಲೂ ಇದೆ. ಅದೇ 'ಎಫ್' ಒತ್ತಿ ಒತ್ತಕ್ಷರ.

ಇಲ್ಲೊಂದು ಗುಂಡಿ ಇದೆ, ನಾನು ಬಿದ್ದಿದ್ದೆ. ಕೀಬೋರ್ಡ್ ಸೆಟ್ಟಿಂಗಿನಲ್ಲಿ ನೇರವಾಗಿ "ಕನ್ನಡ ಕಗಪ" ಅಂತ ಒಂದು ಲೇಔಟ್ ಸಿಗುತ್ತದೆ. ಖುಷಿಯಲ್ಲಿ ಅದನ್ನು ಆರಿಸಿಕೊಳ್ಳಬೇಡಿ. ಅದರಲ್ಲಿ ಕಾಗುಣಿತಕ್ಕೆ ಪ್ರತಿ ಸಲ ಬಲಗಡೆಯ ಆಲ್ಟ್ ಹಿಡಿಯಬೇಕು. 'ಕಾ' ಬರೆಯಲು ಹೋದರೆ 'ಕಆ' ಬರುತ್ತದೆ. ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಹಾಕಿ, ಅದರ ಜೊತೆ ಎಂ17ಎನ್ ಪ್ಯಾಕೇಜು ಹಾಕಿ, ಅದರೊಳಗಿನ ಕನ್ನಡ ಕೆಜಿಪಿ ಆರಿಸಿ, ಅದೂ ಕಗಪವೇ. ಆಗ ನುಡಿಯಲ್ಲಿ ಬೆರಳು ಹೇಗೆ ಓಡುತ್ತಿತ್ತೋ ಹಾಗೇ ಓಡುತ್ತದೆ. ನನಗೆ ಇದು ಗೊತ್ತಾಗಲು ಮೂರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಒಂದು ಪ್ರಶ್ನೆಪತ್ರಿಕೆಯನ್ನು ಬಲಗೈ ಹೆಬ್ಬೆರಳು ನೋಯುವಷ್ಟು ಆಲ್ಟ್ ಒತ್ತಿಯೇ ಮುಗಿಸಿದ್ದೆ.

ಝೆರಾಕ್ಸ್ ಅಂಗಡಿಯವ, ದಾವಣಗೆರೆ
ಮೇಷ್ಟ್ರೇ, ಇದನ್ನು ಯಾರೂ ಹೇಳಿರಲಿಲ್ಲ. ಆದರೆ ನನ್ನ ಕೆಲಸದಲ್ಲಿ ಹಳೇ ಫೈಲ್ ಬರೀ ನೋಡುವುದಕ್ಕಲ್ಲ. ಅಣ್ಣನ ಮದುವೆ ಕಾರ್ಡ್ ಮಾಡಿಸಿದವರೇ ತಮ್ಮನದಕ್ಕೂ ಬರುತ್ತಾರೆ. "ಅದೇ ಇರಲಿ, ಹೆಸರು ತಾರೀಕು ಬದಲಾಯಿಸಿ" ಅಂತಾರೆ. ಹಳೆಯದನ್ನು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬಹುದಾ?

ದುರ್ಗದ ಮೇಷ್ಟ್ರು
ಪರಿವರ್ತಕಗಳಿವೆ, ಪುಕ್ಕಟೆ. ಆದರೆ ಕಣ್ಣುಮುಚ್ಚಿ ಪ್ರಿಂಟಿಗೆ ಕೊಡಬೇಡಿ. ಎರಡು ಕಡೆ ಎಡವುತ್ತವೆ. ಒಂದು ಅರ್ಕಾವತ್ತು. ಹಳೇ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ಆಚೆಗೆ ಬರೆದಿರುತ್ತಾರೆ, ಯೂನಿಕೋಡಿನಲ್ಲಿ ಅದು ಅಕ್ಷರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ತಳ್ಳದಿದ್ದರೆ 'ಕಾರ್ಯಕ್ರಮ' ಹೋಗಿ 'ಕಾಯರ್ಕ್ರಮ' ಆಗುತ್ತದೆ. 'ಆಶೀರ್ವಾದ' 'ಆಶೀವಾರ್ದ' ಆಗುತ್ತದೆ.

ಎರಡನೆಯದು, ನಡುವೆ ಇಂಗ್ಲಿಷ್ ಪದ ಇದ್ದರೆ. ಯಾವುದು ಕನ್ನಡ ಯಾವುದು ಇಂಗ್ಲಿಷ್ ಅನ್ನುವುದು ಹಳೇ ಫೈಲಿನಲ್ಲಿ ಗೊತ್ತಾಗುವುದು ಫಾಂಟಿನಿಂದ ಮಾತ್ರ. ಬರೀ ಅಕ್ಷರ ನಕಲು ಮಾಡಿ ಪರಿವರ್ತಕಕ್ಕೆ ಹಾಕಿದರೆ ಆ ಗುರುತು ಹೋಗುತ್ತದೆ. ವರನ ಇಂಗ್ಲಿಷ್ ಡಿಗ್ರಿ ಕೂಡ ಅರ್ಥವಿಲ್ಲದ ಕನ್ನಡವಾಗಿ ಹೊರಗೆ ಬರುತ್ತದೆ!

ಕೋರ್ಟ್ ಗುಮಾಸ್ತೆ
ವಕೀಲರ ಆಫೀಸಿನಲ್ಲಿ ಟೈಪಿಂಗ್ ನನ್ನದು. ಲಿನಕ್ಸ್ ಅಂದರೆ ಏನೋ ಹುಡುಗಾಟ ಅನ್ನುವವರಿಗೆ ಒಂದು ಮಾತು. ಇ-ಕೋರ್ಟ್ಸ್ ಯೋಜನೆಯಲ್ಲಿ ದೇಶದ ಜಿಲ್ಲಾ, ತಾಲ್ಲೂಕು ಕೋರ್ಟುಗಳ ಕಂಪ್ಯೂಟರಿಗೆ ಆರಿಸಿದ್ದು ಉಬುಂಟು, ಅದೂ ಒಂದು ಲಿನಕ್ಸೇ. ನಾವು ಮೊಬೈಲಿನಲ್ಲಿ ಕೇಸಿನ ಮುಂದಿನ ತಾರೀಕು ನೋಡುತ್ತೇವಲ್ಲ, ಅದರ ಹಿಂದಿರುವ ಸಿಐಎಸ್ ತಂತ್ರಾಂಶವೂ ಮುಕ್ತ ತಂತ್ರಾಂಶದ ಮೇಲೆ ಕಟ್ಟಿದ್ದು. ನಮ್ಮ ವಕೀಲರಿಗೆ ಇದು ಗೊತ್ತಿಲ್ಲ, ಅವರು ಇನ್ನೂ ವಿಂಡೋಸ್ 7ರಲ್ಲಿದ್ದಾರೆ.

ಮಂಡಿ ಲೆಕ್ಕ
ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಯ ಲೆಕ್ಕ ಬರೆಯುತ್ತೇನೆ. ಟ್ಯಾಲಿ ಇರುವವರು ಪೂರ್ತಿ ಲಿನಕ್ಸಿಗೆ ಹೋಗುವ ಕನಸು ಬಿಡಿ. ಟ್ಯಾಲಿಪ್ರೈಮ್ ವಿಂಡೋಸಿಗೆ ಮಾಡಿದ್ದು. ವೈನ್ ಅನ್ನುವ ತಂತ್ರಾಂಶದ ಮೂಲಕ ಓಡಿಸಬಹುದು ಅಂತಾರೆ. ಆಟವಾಡಲು ಸರಿ, ರಿಟರ್ನ್ ಸಲ್ಲಿಸುವ 20ನೇ ತಾರೀಕಿನ ಹಿಂದಿನ ರಾತ್ರಿಗೆ ಸರಿಯಲ್ಲ. ಡಿಜಿಟಲ್ ಸಹಿಯ ಟೋಕನ್ ಇದ್ದರೆ ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ನಾನು ಎರಡನ್ನೂ ಇಟ್ಟುಕೊಂಡೆ, ಡ್ಯುಯಲ್ ಬೂಟ್. ಅದರಲ್ಲಿ ಒಂದು ತಮಾಷೆ ಆಯಿತು. ಲಿನಕ್ಸಿನಲ್ಲಿ ಸ್ವಲ್ಪ ಹೊತ್ತು ಕೆಲಸ ಮಾಡಿ ವಿಂಡೋಸಿಗೆ ಬಂದರೆ ಬೆಳಗ್ಗೆ 11 ಗಂಟೆಗೆ ಗಡಿಯಾರ ಐದೂವರೆ ತೋರಿಸುತ್ತಿತ್ತು. ಬಿಲ್ಲಿನ ಮೇಲೂ ಅದೇ. ಬೆಳಗಿನ ಜಾವ ಐದೂವರೆಗೆ ಯಾವ ಲಾರಿ ತೂಕ ಹಾಕಿಸಿದಿರಿ ಅಂತ ಸಾಹುಕಾರರು ಕೇಳಿದರು.

ಆರನೇ ಸೆಮ್
ಅದು ದೋಷ ಅಲ್ಲ ಸರ್, ಜಗಳ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಗ್ರೀನಿಚ್ ಹೊತ್ತು ಬರೆದಿಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಊರಿನ ಹೊತ್ತು ಅಂದುಕೊಳ್ಳುತ್ತದೆ. ನಮಗೂ ಗ್ರೀನಿಚ್‌ಗೂ ಐದೂವರೆ ಗಂಟೆ ವ್ಯತ್ಯಾಸ. ಲಿನಕ್ಸಿಗೆ "ಸ್ಥಳೀಯ ಸಮಯವನ್ನೇ ಇಡು" ಅಂತ ಒಂದೇ ಆದೇಶ ಕೊಟ್ಟರೆ ಮುಗಿಯಿತು.

ಡ್ಯುಯಲ್ ಬೂಟ್ ಮಾಡುವವರು ಇನ್ನೆರಡು ನೋಡಿಕೊಳ್ಳಿ. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್ ಆಫ್ ಮಾಡಿ. ಇಲ್ಲದಿದ್ದರೆ ಶಟ್‌ಡೌನ್ ಅಂದಾಗಲೂ ಅದು ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸಿನಿಂದ ಆ ಡಿಸ್ಕಿಗೆ ಏನೂ ಬರೆಯಲಾಗುವುದಿಲ್ಲ. ಹೊಸ ಲ್ಯಾಪ್‌ಟಾಪ್ ಆದರೆ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಕೀಲಿಯನ್ನು ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಹಳೇ ಗಿರಾಕಿ
ನೋಡಿ, ಗಡಿಯಾರಕ್ಕೂ ಆದೇಶ ಕೊಡಬೇಕು! ಅಷ್ಟೆಲ್ಲಾ ಯಾಕೆ. ವಿಂಡೋಸ್ 10ಕ್ಕೇ ಇನ್ನೊಂದು ವರ್ಷ ಅಪ್‌ಡೇಟ್ ಸಿಗುತ್ತದಲ್ಲ.

ರಿಪೇರಿ ಟೇಬಲ್, ಮಂಡಿಪೇಟೆ
ಸಿಗುತ್ತದೆ, 2026ರ ಅಕ್ಟೋಬರ್ 13ರವರೆಗೆ, ನೋಂದಾಯಿಸಿಕೊಂಡರೆ. ಅದು ಕೆಟ್ಟ ಸಲಹೆ ಅಲ್ಲ. ಬೆರಳಚ್ಚು ಯಂತ್ರದ ಕಂಪ್ಯೂಟರಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನೋಂದಾಯಿಸಲು ವಿಂಡೋಸ್ ಅಸಲಿ ಇರಬೇಕಲ್ಲ. ಅಂಗಡಿಗಳಲ್ಲಿ ಎಷ್ಟು ಅಸಲಿ ಅಂತ ನಾನು ಬಾಯಿಬಿಟ್ಟರೆ ನನ್ನ ಟೇಬಲ್ಲೇ ಇರಲ್ಲ.

ಆರನೇ ಸೆಮ್
ಅದಕ್ಕೇ ನನಗೆ ಮುಕ್ತ ತಂತ್ರಾಂಶ ಇಷ್ಟ. ಕದಿಯುವ ಪ್ರಶ್ನೆಯೇ ಇಲ್ಲ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಸಾರಿದಾಗ ಹೇಳಿದ್ದು ದುಡ್ಡಿನ ಮಾತಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳನ್ನು, ಅಂದರೆ ತನ್ನ ಕರ್ನಲ್ ಅನ್ನು, ಹಂಚಿದ. ಮುಂದಿನ ವರ್ಷ ಅದನ್ನು ಸ್ಟಾಲ್‌ಮನ್ನರ ಜಿಪಿಎಲ್ ಪರವಾನಗಿಯ ಕೆಳಗೆ ತಂದ.

ನಮ್ಮೂರಿನ ಲೆಕ್ಕದಲ್ಲಿ ಹೇಳಿದರೆ, ಬೆಣ್ಣೆದೋಸೆ ಪುಕ್ಕಟೆ ಕೊಡುತ್ತೇನೆ ಅನ್ನುವುದಲ್ಲ ಅದು. ಹಿಟ್ಟಿನ ಹದ ಇದು, ಬೆಣ್ಣೆ ಇಷ್ಟು, ನೀವೂ ಮಾಡಿ, ಬದಲಾಯಿಸಿ, ಬೇಕಾದರೆ ಅಂಗಡಿ ಹಾಕಿ ಮಾರಿ. ಆದರೆ ನಿಮ್ಮ ದೋಸೆ ಕೊಂಡವನಿಗೂ ಆ ಹದ ಹೇಳಿಕೊಡಲೇಬೇಕು.

ಮಂಡಿ ಲೆಕ್ಕ
ಯಾವ ದೋಸೆ ಹೋಟೆಲಿನವರು ಹದ ಹೇಳಿದ್ದಾರೆ ತಮ್ಮಾ?

ದುರ್ಗದ ಮೇಷ್ಟ್ರು
ಹಾಗಂತ ಎಲ್ಲ ಸಲೀಸು ಅಂತ ನಾನೂ ಹೇಳಲ್ಲ. ಮಿಂಟನ್ನು ಕನ್ನಡಕ್ಕೆ ಬದಲಾಯಿಸಿ ಮಕ್ಕಳಿಗೆ ಕೊಟ್ಟೆ. ಅರ್ಧ ಮೆನು ಕನ್ನಡ, ಅರ್ಧ ಇಂಗ್ಲಿಷ್. 'ಕಡತ' ಅಂದರೇನು ಸರ್ ಅಂತ ಕೇಳಿದರು. ಎರಡನೇ ದಿನ ಇಂಗ್ಲಿಷಿಗೇ ತಿರುಗಿಸಿದೆ. ಕೇರಳದಲ್ಲಿ ಸರ್ಕಾರವೇ ಶಾಲೆಗಳನ್ನು ಲಿನಕ್ಸಿಗೆ ತಂದಿದೆ, ಮೇಷ್ಟ್ರುಗಳಿಗೆ ತರಬೇತಿ ಕೊಟ್ಟಿದೆ. ನಮ್ಮಲ್ಲಿ ನನ್ನಂಥವನೊಬ್ಬ ಇದ್ದರೆ ಓಡುತ್ತದೆ, ವರ್ಗವಾದರೆ ಲ್ಯಾಬಿಗೆ ಬೀಗ.

ಫಾಂಟ್ ಬೇಕಿದ್ದರೆ ಗುಬ್ಬಿ ಮತ್ತು ನವಿಲು ಅಂತ ಎರಡು ಮುಕ್ತ ಕನ್ನಡ ಫಾಂಟ್ ಇವೆ, ಹೆಸರೇ ಚೆಂದ. ಸಾಫ್ಟ್‌ವೇರ್ ಪಟ್ಟಿಯಲ್ಲೇ ಸಿಗುತ್ತವೆ. ಲಗ್ನಪತ್ರಿಕೆಗೆ ಬೇಕಾದ ದಪ್ಪ, ಬಳುಕಿನ ಅಕ್ಷರಗಳು ಮಾತ್ರ ಯೂನಿಕೋಡಿನಲ್ಲಿ ಕಮ್ಮಿಯೇ. ಇದು ನಿಜವಾದ ಕೊರತೆ.

ಝೆರಾಕ್ಸ್ ಅಂಗಡಿಯವ, ದಾವಣಗೆರೆ
ಎರಡು ವಾರ ಆಯಿತು. ವರದಿ ಒಪ್ಪಿಸುತ್ತೇನೆ.

ಮಂಡಿಪೇಟೆ ಅಣ್ಣ ಪೆನ್‌ಡ್ರೈವ್ ಕೊಟ್ಟರು, ಎಸ್‌ಎಸ್‌ಡಿಯನ್ನೂ ಹಾಕಿಕೊಟ್ಟರು. ಆನ್‌ಲೈನ್ ಅರ್ಜಿಯ ಕಂಪ್ಯೂಟರಿಗೆ ಮಿಂಟ್ ಬಂತು. ಅಲ್ಲಿ ನಡೆಯುವುದೆಲ್ಲ ಬ್ರೌಸರಿನಲ್ಲೇ. ಫೈರ್‌ಫಾಕ್ಸ್ ತೆರೆದರೆ ನನ್ನ ಹುಡುಗನಿಗೆ ಅದು ಯಾವ ಸಿಸ್ಟಂ ಅಂತಲೂ ಗೊತ್ತಾಗಲಿಲ್ಲ. ಮುಂಚೆ ಶುರುವಾಗುವಷ್ಟರಲ್ಲಿ ಒಂದು ಚಹಾ ಕುಡಿದು ಬರುತ್ತಿದ್ದ, ಈಗ ಆ ನೆಪ ಹೋಯಿತು ಅಂತ ಅವನಿಗೆ ಬೇಜಾರು. ಇಂಕ್‌ಟ್ಯಾಂಕ್ ಸಿಕ್ಕಿಸಿದ ಕೂಡಲೇ ಪ್ರಿಂಟ್ ಕೊಟ್ಟಿತು. ಬಿಳಿ ಡಬ್ಬಿಗೆ ಹಂಚಿದ ಫೋಲ್ಡರಿನ ಉಪಾಯವೇ ಗಟ್ಟಿ. ಬೆರಳಚ್ಚಿನ ಕಂಪ್ಯೂಟರು ಹಾಗೇ ವಿಂಡೋಸಿನಲ್ಲಿದೆ. ನಾನು ಕೊಂಡ ಯಂತ್ರಕ್ಕೆ ಬೇರೆ ದಾರಿ ಸಿಗಲಿಲ್ಲ.

ಲಗ್ನಪತ್ರಿಕೆಯ ಕಂಪ್ಯೂಟರಿನದೇ ಕಥೆ. ಹುರುಪಿನಲ್ಲಿ ಮಿಂಟಿಗೆ ಪೇಜ್‌ಮೇಕರ್ ತರಹದ ಸ್ಕ್ರೈಬಸ್ ಹಾಕಿ ಒಂದು ಹಳೇ ಕಾರ್ಡನ್ನು ಯೂನಿಕೋಡಿಗೆ ತಂದೆ. ಸ್ಕ್ರೈಬಸ್ 1.6ರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ, ಅದು ನಿಜ. ಮೇಷ್ಟ್ರು ಹೇಳಿದ್ದು ನೆನಪಿಟ್ಟು 'ಆಶೀರ್ವಾದ' ಹುಡುಕಿ ತಿದ್ದಿದೆ. 'ಕಾರ್ಯಕ್ರಮ' ತಿದ್ದಿದೆ. ನಮೂನೆ ಒತ್ತಿ ಮನೆಗೆ ಒಯ್ದೆ. ನನ್ನ ಹೆಂಡತಿ ಓದಿ, "ಮುಹೂರ್ತ ಎಲ್ಲಿ?" ಅಂದಳು. 'ಮುಹೂತರ್' ಆಗಿತ್ತು. ನಾಲ್ಕು ಸಲ ನೋಡಿದ್ದೆ, ಕಣ್ಣು ಅದನ್ನು ಸರಿಯಾಗಿಯೇ ಓದಿಕೊಂಡಿತ್ತು.

ಹಳೇ ಗಿರಾಕಿ
ಹೇಳಲಿಲ್ವಾ ನಾನು?

ಝೆರಾಕ್ಸ್ ಅಂಗಡಿಯವ, ದಾವಣಗೆರೆ
ಹೇಳಿದ್ದಿರಿ. ಆದರೆ ಅದು ಲಿನಕ್ಸಿನ ತಪ್ಪಲ್ಲ ಅಣ್ಣ. ವಿಂಡೋಸಿನಲ್ಲಿ ಕೂತು ಪರಿವರ್ತಿಸಿದ್ದರೂ ಅದೇ 'ಮುಹೂತರ್'. ಪೇಜ್‌ಮೇಕರ್ 7 ಬಂದದ್ದೇ 2001ರಲ್ಲಿ, ಆಮೇಲೆ ಹೊಸದು ಬರಲೇ ಇಲ್ಲ. ಅಷ್ಟು ಹಳೆಯದರ ಮೇಲೆ ನಿಂತು ಹೊಸ ವಿಂಡೋಸಿಗೆ ಕಾಯುತ್ತಿದ್ದೆ ನಾನು.

ಕೊನೆಗೆ ಹೀಗೆ ಮಾಡಿದೆ. ಆ ಕಂಪ್ಯೂಟರಿನ ನೆಟ್ ವೈರ್ ಕಿತ್ತುಹಾಕಿದೆ. ಅದು ವಿಂಡೋಸ್ 10ರಲ್ಲೇ ಇರಲಿ, ಹಳೇ ಫೈಲು ತೆರೆಯಲಿ, ಅಪ್‌ಡೇಟ್ ಬೇಡ, ಹೊರಗಿನ ಸಹವಾಸವೂ ಬೇಡ. ಹೊಸದಾಗಿ ಬರುವ ಕರಪತ್ರ, ಅರ್ಜಿ, ಸಂಘದ ಪತ್ರಗಳನ್ನು ಮಿಂಟಿನಲ್ಲಿ ಯೂನಿಕೋಡಿನಲ್ಲೇ ಮಾಡುತ್ತಿದ್ದೇನೆ. ಒಂದು ಲಾಭ ನಾನು ಎಣಿಸಿರಲಿಲ್ಲ. ಗಿರಾಕಿ ವಾಟ್ಸಾಪಿನಲ್ಲಿ ಕಳಿಸಿದ ಕನ್ನಡವನ್ನು ಈಗ ನೇರ ಅಂಟಿಸಬಹುದು, ಮತ್ತೆ ಟೈಪ್ ಮಾಡಬೇಕಾಗಿಲ್ಲ.

ರಿಪೇರಿ ಟೇಬಲ್, ಮಂಡಿಪೇಟೆ
ವೈರ್ ಕಿತ್ತದ್ದು ಸರಿ, ಆದರೆ ಗಿರಾಕಿಗಳ ಪೆನ್‌ಡ್ರೈವ್ ಇನ್ನೂ ಅದಕ್ಕೇ ಹಾಕುತ್ತಿದ್ದೀರಾ? ವೈರಸ್ ನೆಟ್ಟಿನಿಂದಲೇ ಬರಬೇಕು ಅಂತಿಲ್ಲ. ಮೊದಲು ಮಿಂಟಿಗೆ ಹಾಕಿ, ಬೇಕಾದ ಫೈಲ್ ಮಾತ್ರ ನಿಮ್ಮದೇ ಬೇರೆ ಪೆನ್‌ಡ್ರೈವಿಗೆ ತೆಗೆದುಕೊಳ್ಳಿ. ಮತ್ತೆ ಮಿಂಟಿನಲ್ಲಿ ಟೈಮ್‌ಶಿಫ್ಟ್ ಆನ್ ಮಾಡಿದ್ದೇನೆ, ಅಪ್‌ಡೇಟ್ ಕೆಟ್ಟರೆ ನಿನ್ನೆಗೆ ಹೋಗಬಹುದು. ಅದು ಸಿಸ್ಟಮ್ಮಿಗೆ ಮಾತ್ರ. ನಿಮ್ಮ ಫೈಲುಗಳನ್ನು ಅದು ಮುಟ್ಟುವುದಿಲ್ಲ. ಅವಕ್ಕೆ ಬೇರೆ ಹಾರ್ಡ್‌ಡಿಸ್ಕಿನಲ್ಲಿ ಬ್ಯಾಕಪ್ ಇಡಿ. ಇದನ್ನು ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಹೋದ ವರ್ಷ ಒಬ್ಬರು ಇನ್‌ಸ್ಟಾಲ್ ಮಾಡುವಾಗ "ಇಡೀ ಡಿಸ್ಕ್ ಅಳಿಸು" ಒತ್ತಿ, ಮಗಳ ನಾಮಕರಣದ ಫೋಟೋ ಸಮೇತ ಕಳೆದುಕೊಂಡು ಬಂದಿದ್ದರು.

ಕೋರ್ಟ್ ಗುಮಾಸ್ತೆ
ನಮ್ಮ ವಕೀಲರಿಗೆ ಈ ಚರ್ಚೆ ಓದಿಸಿದೆ. "ಮಂಡಿಪೇಟೆಯವರು ದುರ್ಗಕ್ಕೂ ಬರುತ್ತಾರಾ ಕೇಳು" ಅಂದರು.

ರಿಪೇರಿ ಟೇಬಲ್, ಮಂಡಿಪೇಟೆ
ಬರುತ್ತೇನೆ, ಭಾನುವಾರ ಆದರೆ. ಅಂಗಡಿಯವರೇ, ನನ್ನ 16 ಜಿಬಿ ಪೆನ್‌ಡ್ರೈವ್ ಇನ್ನೂ ನಿಮ್ಮಲ್ಲೇ ಇದೆ.